ಬ್ರೋಷರ್ ಓದುವ ಕಷ್ಟ

ಹೋದ ವಾರ ವೈಟ್‌ಫೀಲ್ಡ್ ಕಡೆಯ ಒಂದು ಅಪಾರ್ಟ್‌ಮೆಂಟಿನ ಬ್ರೋಷರ್ ಕೈಗೆ ಬಂತು. 40 ಪುಟ, ನುಣುಪು ಕಾಗದ. ಈಜುಕೊಳಕ್ಕೆ 4 ಪುಟ, ಕ್ಲಬ್‌ಹೌಸಿಗೆ 6. ಐಟಿ ಪಾರ್ಕಿಗೆ 10 ನಿಮಿಷ ಅನ್ನೋದಕ್ಕೇ ಒಂದಿಡೀ ಪುಟ (ಎಷ್ಟು ಹೊತ್ತಿಗೆ ಹೊರಟರೆ ಅಂತ ಇಲ್ಲ, ಬಹುಶಃ ನಡುರಾತ್ರಿ). ನಾವು ದುಡ್ಡು ಕೊಟ್ಟು ಕೊಳ್ಳೋದು ಏನನ್ನು ಅನ್ನೋದು ಮಾತ್ರ ಕೊನೇ ಪುಟದ ತಳದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ.

1,500 ಚದರಡಿ ಅಂತ ದೊಡ್ಡದಾಗಿ ಹಾಕಿರೋದು ಸೂಪರ್ ಬಿಲ್ಟ್‌ಅಪ್. ಲಿಫ್ಟು, ಮೆಟ್ಟಿಲು, ಲಾಬಿಯ ಪಾಲೆಲ್ಲ ಅದರಲ್ಲೇ. ಬಾಗಿಲ ಒಳಗೆ ಸಿಗೋ ಕಾರ್ಪೆಟ್ ಏರಿಯಾ 1,020. ಅದನ್ನು ಹೇಳಲೇಬೇಕು ಅನ್ನುತ್ತೆ 2016ರ ರೇರಾ ಕಾಯ್ದೆ. ಹೇಳಿದ್ದಾರೆ, ಭೂತಗನ್ನಡಿ ನಾವು ತರಬೇಕು ಅಷ್ಟೆ. ಚದರಡಿಗೆ 10,000ದಂತೆ ಒಂದೂವರೆ ಕೋಟಿ. 1,020ರಿಂದ ಭಾಗಿಸಿ ನೋಡಿ, 14,700 ದಾಟುತ್ತೆ.

ನನಗೆ ನಿದ್ದೆ ಕೆಡಿಸಿದ್ದು ಅದಲ್ಲ, ಯುಡಿಎಸ್. ನೆಲದಲ್ಲಿ ನಮ್ಮ ಅವಿಭಜಿತ ಪಾಲು: 420 ಚದರಡಿ. ಗುಂಟೆಗೆ 1,089, ಅಂದರೆ ಅರ್ಧ ಗುಂಟೆಯೂ ಇಲ್ಲ. ಕಟ್ಟಡ ವರ್ಷವರ್ಷ ಹಳತಾಗುತ್ತೆ, ಬೆಲೆ ಏರೋದೇನಿದ್ದರೂ ನೆಲದ್ದು. 40 ಪುಟದಲ್ಲಿ ಆ ನೆಲಕ್ಕೆ ಒಂದು ಸಾಲು!

ಊರಲ್ಲಿ ಜಮೀನು ಅಂದರೆ ಅಪ್ಪ ಮೊದಲು ಕೇಳೋದು ಚಕ್ಕುಬಂದಿ. ಬ್ರೋಷರಿನ ಫೋಟೊ ಕಳಿಸಿದ್ದೆ. ಫೋನ್ ಮಾಡಿ, "ನಿನ್ನ ಪಾಲು ಯಾವ ಮೂಲೇಲಿ ಬರುತ್ತೋ?" ಅಂದರು. ಯಾವ ಮೂಲೆಯಲ್ಲೂ ಬರಲ್ಲಪ್ಪ ಅಂತ ಅರ್ಥಮಾಡಿಸೋಕೆ ಹತ್ತು ನಿಮಿಷ ಹಿಡಿಯಿತು. ಅವರು ಏನೂ ಅನ್ನಲಿಲ್ಲ.

ಭಾನುವಾರದೊಳಗೆ ಟೋಕನ್ ಕೊಟ್ಟುಬಿಡಿ ಸಾರ್, ಆಮೇಲೆ ರೇಟ್ ಏರುತ್ತೆ ಅಂತ ಸೇಲ್ಸ್ ಹುಡುಗ ಮೆಸೇಜ್ ಮಾಡ್ತಾನೇ ಇದ್ದಾನೆ.