ಉತ್ತರ ಬಾರದ ಹೊತ್ತು

ಎರಡು ತಂತ್ರಾಂಶಗಳನ್ನು ಜೋಡಿಸಿಕೊಡುತ್ತೇವೆಂದು ಡೆಮೊ ತೋರಿಸಲು ಬಂದವರಿಗೆ ನನ್ನದು ಒಂದೇ ಪ್ರಶ್ನೆ: ಆ ಕಡೆಯಿಂದ ಉತ್ತರವೇ ಬಾರದಿದ್ದರೆ? ‘ನಮ್ಮಲ್ಲಿ ಎಲ್ಲದಕ್ಕೂ ಕನೆಕ್ಟರ್ ಇದೆ ಸಾರ್’ ಎಂದರೆ ಕಾಫಿ ಮುಗಿಸಿ ಏಳುವುದು ಒಳ್ಳೆಯದು. ಕನೆಕ್ಟರ್ ದಾರಿ ಮಾಡಿಕೊಡುತ್ತದೆ, ಅಷ್ಟೆ. ದಾರಿಯಲ್ಲಿ ಸಂದೇಶ ಕಳೆದುಹೋದಾಗ ಏನು ಮಾಡಬೇಕೆಂದು ಯೋಚಿಸಿದವರು ಸಿಗುವುದು ಅಪರೂಪ.

ಇದರ ರುಚಿ ಹತ್ತಲು ಜಿಎಸ್‌ಟಿ ಇ-ಇನ್ವಾಯ್ಸ್ ಸಾಕು. 2020ರ ಅಕ್ಟೋಬರ್‌ನಲ್ಲಿ 500 ಕೋಟಿಗೆ ಮೇಲ್ಪಟ್ಟ ವಹಿವಾಟಿನವರಿಂದ ಶುರುವಾದದ್ದು 2023ರ ಆಗಸ್ಟ್ ಹೊತ್ತಿಗೆ 5 ಕೋಟಿ ದಾಟಿದವರ ಬಾಗಿಲಿಗೂ ಬಂತು. ಪೀಣ್ಯದ ಒಂದು ಕಾರ್ಖಾನೆ ಎಂದಿಟ್ಟುಕೊಳ್ಳಿ. ಬಿಲ್ ತಯಾರಾಗುವುದು ಅಲ್ಲಿನ ಇಆರ್‌ಪಿಯಲ್ಲಿ. ಸರ್ಕಾರದ ಪೋರ್ಟಲ್ ಐಆರ್‌ಎನ್ ಸಂಖ್ಯೆಯನ್ನೂ ಸಹಿ ಇರುವ ಕ್ಯೂಆರ್ ಕೋಡನ್ನೂ ಕೊಡುವ ತನಕ ಕಾನೂನಿನ ಪ್ರಕಾರ ಅದು ಬಿಲ್ಲೇ ಅಲ್ಲ. ಲೋಡಾದ ಲಾರಿ ಗೇಟಿನಲ್ಲಿ ನಿಂತಿದೆ. ಬಿಲ್ ಪೋರ್ಟಲಿಗೆ ಹೋಯಿತು, ಅಷ್ಟರಲ್ಲಿ ಟೈಮ್‌ಔಟ್. ನೋಂದಣಿ ಆಯಿತೋ ಇಲ್ಲವೋ?

ಇಲ್ಲಿ ಪೋರ್ಟಲ್ ಕಟ್ಟಿದವರಿಗೆ ಶಹಬ್ಬಾಸ್ ಎನ್ನಲೇಬೇಕು. 64 ಅಕ್ಷರಗಳ ಐಆರ್‌ಎನ್ ಬರೀ ಸರದಿ ಸಂಖ್ಯೆಯಲ್ಲ. ಮಾರುವವರ ಜಿಎಸ್‌ಟಿ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ, ಬಿಲ್ ಸಂಖ್ಯೆ ಈ ನಾಲ್ಕನ್ನೂ ಸೇರಿಸಿ ಲೆಕ್ಕ ಹಾಕಿ ತೆಗೆದ ಹ್ಯಾಶ್. ಅದೇ ಬಿಲ್ಲನ್ನು ಎಷ್ಟು ಸಲ ಕಳಿಸಿದರೂ ಅದೇ ಸಂಖ್ಯೆ. ಎರಡನೇ ಸಲ ಪೋರ್ಟಲ್ 2150 ಎಂಬ ಎರರ್ ಕೊಟ್ಟು ‘ಡೂಪ್ಲಿಕೇಟ್’ ಅನ್ನುತ್ತದೆ. ಹೊಸಬ ಪ್ರೋಗ್ರಾಮರ್ ಅದನ್ನು ಸೋಲೆಂದು ಬರೆದುಕೊಂಡು ಲಾರಿಯನ್ನು ಅಲ್ಲೇ ನಿಲ್ಲಿಸುತ್ತಾನೆ. ಪಳಗಿದವನಿಗೆ ಅದು ಶುಭಸುದ್ದಿ: ಮೊದಲ ಸಲವೇ ಕೆಲಸ ಆಗಿದೆ, ವಿವರ ತರಿಸಿಕೊಂಡು ಮುಂದೆ ಹೋದರಾಯಿತು. ಗ್ರೆಗರ್ ಹೋಪೆ ಮತ್ತು ಬಾಬಿ ವುಲ್ಫ್ 2003ರಲ್ಲಿ ತಂದ ‘ಎಂಟರ್‌ಪ್ರೈಸ್ ಇಂಟಿಗ್ರೇಷನ್ ಪ್ಯಾಟರ್ನ್ಸ್’ ಪುಸ್ತಕದ 65 ವಿನ್ಯಾಸಗಳಲ್ಲಿ ‘ಐಡೆಂಪೊಟೆಂಟ್ ರಿಸೀವರ್’ ಎಂಬುದು ಇದೇ. ನನ್ನ ಮಟ್ಟಿಗೆ ಆ ಪುಸ್ತಕದ ಅತಿ ಸುಂದರ ಪುಟಗಳು ಅವು.

ಹುಳುಕೇ ಇಲ್ಲವೆಂದಲ್ಲ. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳು ಹ್ಯಾಶಿಗೆ ಬೇರೆ ಬೇರೆ. ಹಾಗಾಗಿ 2025ರ ಜೂನ್ 1ರಿಂದ ಪೋರ್ಟಲ್ ಬಿಲ್ ಸಂಖ್ಯೆಯನ್ನು ಮೊದಲು ದೊಡ್ಡಕ್ಷರಕ್ಕೆ ತಿರುಗಿಸಿಕೊಳ್ಳುತ್ತದೆ. ಸಣ್ಣ ತಿದ್ದುಪಡಿ, ಆದರೆ ತಡವಾಯಿತು.

ರದ್ದು ಮಾಡುವ ಕ್ರಮ ಇನ್ನೂ ಸೊಗಸು. ಐಆರ್‌ಎನ್ ತಿದ್ದಲಾಗದು, 24 ಗಂಟೆಯೊಳಗೆ ರದ್ದು ಮಾಡಬಹುದು. ಆದರೆ ಅದರ ಮೇಲೆ ಇ-ವೇ ಬಿಲ್ ಜೀವಂತವಾಗಿದ್ದರೆ ಪೋರ್ಟಲ್ ಒಪ್ಪದು. ಮೊದಲು ಇ-ವೇ ಬಿಲ್ ರದ್ದಾಗಬೇಕು, ಆಮೇಲೆ ಐಆರ್‌ಎನ್. ಕಟ್ಟಿದ್ದನ್ನು ಹಿಂದುಮುಂದಾಗಿ ಬಿಚ್ಚುವ ಈ ಶಿಸ್ತನ್ನು ಹೆಕ್ಟರ್ ಗಾರ್ಸಿಯಾ-ಮೊಲಿನಾ ಮತ್ತು ಕೆನೆತ್ ಸೇಲಂ 1987ರಲ್ಲೇ ‘ಸಾಗಾಸ್’ ಪ್ರಬಂಧದಲ್ಲಿ ವಿವರಿಸಿದ್ದರು. 24 ಗಂಟೆ ಕಳೆದ ಮೇಲೆ ದಾರಿಯೇ ಬೇರೆ, ಕ್ರೆಡಿಟ್ ನೋಟ್ ಬರೆಯಬೇಕಾದೀತು. ಆದ್ದರಿಂದ ಗಡಿಯಾರ ಪೋರ್ಟಲಿನಲ್ಲಿದ್ದರೆ ಸಾಲದು, ಕಾರ್ಖಾನೆಯ ಕಾರ್ಯವಿಧಾನದಲ್ಲೂ ಓಡುತ್ತಿರಬೇಕು. ಗಡುವು ಮೀರಿದ ಕೂಡಲೇ ‘ರದ್ದು’ ಗುಂಡಿ ಮಾಯವಾಗಿ ಅಕೌಂಟ್ಸ್ ವಿಭಾಗದವರ ಪರದೆಗೆ ಕ್ರೆಡಿಟ್ ನೋಟಿನ ಫಾರಂ ಬರುವ ತಂತ್ರಾಂಶವಿದ್ದರೆ ಹೇಳಿ, ಅದರ ಡೆಮೊಗೆ ನಾನೇ ಹೋಗಿ ಕೂರುತ್ತೇನೆ.