ಜಕಾತಿ ನಾಕೆ ಮತ್ತು ಲಾವಣಿಯ ಕವಿ

ಗೋವಾ ವಿಮೋಚನೆಯನ್ನು ಕುರಿತ ಬರಹಗಳನ್ನು ಓದುವಾಗಲೆಲ್ಲ ನನಗೆ ಒಂದು ಕೊರತೆ ಎದ್ದು ಕಾಣುತ್ತದೆ. ಪೋರ್ತುಗೀಜರ ಗಡಿ ಜಕಾತಿ ನಾಕೆಗಳ ಮೇಲೂ ಪೋಲೀಸು ಠಾಣೆಗಳ ಮೇಲೂ ಆಜಾದ್ ಗೋಮಾಂತಕ ದಳದವರು ನಡೆಸಿದ ದಾಳಿಗಳ ವರ್ಣನೆ ಧಾರಾಳವಾಗಿರುತ್ತದೆ. ಕತ್ತಲೆ, ಕಾಡು, ಗುಂಡಿನ ಸಪ್ಪಳ, ಜಯಘೋಷ ಎಲ್ಲವೂ ಉಂಟು. ಮರುದಿನ ಬೆಳಗಾದ ಮೇಲೆ ಏನಾಯಿತೆಂಬುದಕ್ಕೆ ಮಾತ್ರ ಒಂದೆರಡು ಸಾಲು. ವೀರರಸಕ್ಕೆ ಇಷ್ಟು ಸಾಕೆಂದು ಬರೆಯುವವರು ಭಾವಿಸಿದಂತಿದೆ. ಸಾಲದೆಂಬುದು ನನ್ನ ವಾದ.

ಇದಕ್ಕೆ ಅಳತೆಗೋಲನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆ ಹಾಡಿಕೆಯ ಸೀಮೆ. ಶ್ರೀಕೃಷ್ಣ ಪಾರಿಜಾತದ ಕುಲಗೋಡ ತಮ್ಮಣ್ಣ ಈ ನೆಲದವನೇ. ಇಲ್ಲಿಂದ ಪಡುವಣಕ್ಕೆ ಹೋಗಿ ಘಟ್ಟ ಇಳಿದರೆ ಗೋವೆ. ಮೂಡಣಕ್ಕೆ, ಮುಧೋಳದ ಸೀಮೆಯಲ್ಲಿ, ಹಲಗಲಿ. ಅಲ್ಲಿಯ ಬೇಡರ ದಂಗೆಯ ಲಾವಣಿಯನ್ನು ಮುಂದಿಟ್ಟುಕೊಂಡು ಗೋವೆಯ ಬರಹಗಳನ್ನು ಓದಿ ನೋಡಬೇಕು. ಒಂದು ಕಡೆ ಹತಾರ, ಇನ್ನೊಂದು ಕಡೆ ಜಕಾತಿ. ಸರಕಾರದ ಆಳಿನ ಮೇಲೆ ಕೈಮಾಡಿದ ಕಥೆ ಎರಡೂ ಕಡೆ ಒಂದೇ.

1857ರಲ್ಲಿ ಹತಾರಗಳನ್ನು ಒಪ್ಪಿಸಬೇಕೆಂದು ಕುಂಪಣಿ ಸರಕಾರದ ಹುಕುಮು ಬಂತು. ಬೇಡರು ಒಪ್ಪಲಿಲ್ಲ, ಬಂದ ಕಾರಕೂನನನ್ನೂ ಸಿಪಾಯಿಗಳನ್ನೂ ಹೊಡೆದರು. ದಂಡು ಬಂದು ಊರನ್ನು ಸುಟ್ಟಿತು. ಹನುಮ, ಬಾಲ, ಜಡಗ, ರಾಮರ ಕೆಚ್ಚನ್ನು ಕವಿ ಮನಸಾರೆ ಹೊಗಳುತ್ತಾನೆ. ಆದರೆ ಅಲ್ಲಿಗೇ ನಿಲ್ಲದೆ ದಂಡು ದೋಚಿದ್ದನ್ನು ಎಣಿಸತೊಡಗುತ್ತಾನೆ. ಕೊಡಲಿ, ಹಾಲು, ಬೆಣ್ಣೆ, ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ. ಮೇಲುನೋಟಕ್ಕೆ ಬರಿಯ ಪಟ್ಟಿ. ನನ್ನ ಮಟ್ಟಿಗೆ ಇಡೀ ಲಾವಣಿಯ ಅತ್ಯುತ್ತಮ ಭಾಗ ಇದು. ಸರಕಾರದ ಕೈ ಅಡಿಗೆಮನೆಯವರೆಗೂ ಚಾಚಿತೆಂಬುದನ್ನು ಯಾವ ಉಪಮೆಯೂ ಇಷ್ಟು ಚೆನ್ನಾಗಿ ಹೇಳಲಾರದು. ಆ ಕೆಚ್ಚಿಗೆ ಊರು ತೆತ್ತ ಬೆಲೆ ಏನೆಂದು ಕೇಳುವವನಿಗೆ ತಿಳಿಯುತ್ತದೆ.

ಗೋವೆಯ ಕಥೆಯಲ್ಲಿಯೂ ಇಂಥ ಎಣಿಕೆಗೆ ಸಾಮಗ್ರಿ ಇಲ್ಲದಿಲ್ಲ. 1955ರ ಆಗಸ್ಟ್ 15ರಂದು ಬರಿಗೈಯ ಸತ್ಯಾಗ್ರಹಿಗಳ ಮೇಲೆ ಪೋರ್ತುಗೀಜರು ಗುಂಡು ಹಾರಿಸಿದರು. ಭಾರತ ಸರಕಾರ ಗಡಿಯನ್ನು ಮುಚ್ಚಿತು. ಮುಂದೆ ಸತ್ಯಾಗ್ರಹಿಗಳನ್ನೂ ತಡೆಯಿತು. ಕ್ಯಾಸಲ್‌ರಾಕಿನಿಂದ ಘಟ್ಟ ಇಳಿಯುತ್ತಿದ್ದ ರೈಲು ನಿಂತಿತು. ಅದೇ ವರ್ಷ ಬೇತಿಮ್ ಠಾಣೆಯ ದಾಳಿಯಲ್ಲಿ ಗಾಯಗೊಂಡು ಸೆರೆಸಿಕ್ಕ ಮೋಹನ ರಾನಡೆಯವರು, 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾದ ಮೇಲೂ ಪೋರ್ತುಗಾಲಿನ ಸೆರೆಯಲ್ಲಿಯೇ ಉಳಿದು 1969ರಲ್ಲಿ ಹೊರಬಂದರು. ದಾಳಿಗೆ ಹಿಡಿದದ್ದು ಒಂದು ರಾತ್ರಿ. ತೆತ್ತದ್ದು ಹದಿಮೂರು ವರ್ಷ. ಬರೆಯುವವನ ಲೇಖನಿ ಯಾವುದರ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕು? ಗಡಿ ಮುಚ್ಚಿದ ದಿನ ಕಾಯಿಪಲ್ಲೆಯ ಬುಟ್ಟಿಯನ್ನು ಮರಳಿ ಹೊತ್ತವಳಿಗೂ, ಸಂಬಳಕ್ಕಾಗಿ ನಾಕೆಯ ಬಾಗಿಲು ಕಾದವನಿಗೂ ಆ ಕಥೆಯಲ್ಲಿ ಒಂದು ನುಡಿಯ ಎಡೆ ಬೇಡವೆ?

ಇಂಥ ಲೆಕ್ಕ ಹೋರಾಟಗಾರರಿಗೆ ಅಗೌರವವೆಂದು ಹೇಳುವವರುಂಟು. ಅವರು ಹಲಗಲಿಯ ಲಾವಣಿಯನ್ನು ಒಮ್ಮೆ ಕೇಳಲಿ. ಉಪ್ಪು ಎಣ್ಣೆಗಳನ್ನು ಎಣಿಸಿದ್ದರಿಂದ ಜಡಗ, ಬಾಲರು ಸಣ್ಣವರಾಗಲಿಲ್ಲ. ಬೇಡರ ಪಕ್ಷದ ಕವಿಯೇ ಊರಿನ ನಷ್ಟವನ್ನೂ ಮುಚ್ಚಿಡದೆ ಹೇಳಿದನಾದ್ದರಿಂದ ಅವನ ಹೊಗಳಿಕೆಯನ್ನು ನಾವು ನಂಬುತ್ತೇವೆ. ಗೋವೆಯ ಗಡಿಯನ್ನು ಕುರಿತು ಇನ್ನು ಮುಂದೆ ಕನ್ನಡದಲ್ಲಿ ಬರೆಯುವವರು ಈ ನಂಬಿಕೆಯನ್ನು ಗಳಿಸಿಕೊಳ್ಳಲಿ.