ಕೃತ, ಕಾರಿತ, ಅನುಮೋದನ: ಒಬ್ಬ ವಿದ್ಯಾರ್ಥಿನಿಯ ಕಾದಂಬರಿ ಟಿಪ್ಪಣಿಗಳು

ಶ್ರಾವಕ ಮನೆತನದ ಒಬ್ಬ ಪದವಿ ವಿದ್ಯಾರ್ಥಿನಿ ಕೌಟುಂಬಿಕ ಕಲಹವೇ ವಸ್ತುವಾಗಿರುವ ನಾಲ್ಕು ಪ್ರಸಿದ್ಧ ಕಾದಂಬರಿಗಳನ್ನು ಓದಿ, ಪ್ರತಿಯೊಂದರ ಬಗೆಗೂ ತನ್ನ ಮನಸ್ಸಿಗೆ ತೋಚಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಬಾಲ್ಜಾಕನ ‘ಪೇರ್ ಗೋರಿಯೊ’ (1835), ದಾಸ್ತೊಯೆವ್‌ಸ್ಕಿಯ ‘ಕರಮಜೋವ್ ಸಹೋದರರು’ (1880), ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ಮತ್ತು ‘ಗೃಹಭಂಗ’ (1970) ಇವೇ ಆ ನಾಲ್ಕು ಕೃತಿಗಳು. ಮೊದಲೆರಡನ್ನು ಆಕೆ ಓದಿರುವುದು ಇಂಗ್ಲಿಷ್ ಅನುವಾದದಲ್ಲಿ. ಪರೀಕ್ಷೆಗಾಗಿ ಬರೆದ ಟಿಪ್ಪಣಿಗಳಲ್ಲವಾದ್ದರಿಂದ ಇವುಗಳಲ್ಲಿ ವಿಮರ್ಶಕರ ಹೆಸರುಗಳಿಲ್ಲ, ಪರಿಭಾಷೆಯ ಆಡಂಬರವಿಲ್ಲ. ಒಂದು ಸ್ವಾಧ್ಯಾಯ ಬಳಗದಲ್ಲಿ ಕೈಯಿಂದ ಕೈಗೆ ದಾಟಿದ ಈ ನೋಟ್‌ಬುಕ್ ಎರಡು ಆಕ್ಷೇಪಣೆಗಳನ್ನು ಎದುರಿಸಿತು. ಕಾದಂಬರಿಯ ಓದು ವಿಕಥೆಯೇ ಆದ್ದರಿಂದ ಶ್ರಾವಕರ ಮಕ್ಕಳಿಗೆ ಸಲ್ಲದೆಂಬುದು ಒಂದು. ಟಿಪ್ಪಣಿಯ ನಡುವೆ ಮನೆಯ ಸಂಗತಿಯೊಂದನ್ನು ಬರೆದಿರುವುದರಿಂದ ಆ ವಾಕ್ಯವನ್ನು ತೆಗೆಯಬೇಕೆಂಬುದು ಇನ್ನೊಂದು.

ಮೊದಲನೆಯ ಆಕ್ಷೇಪಣೆಗೆ ಉತ್ತರ ಸುಲಭ. ಸ್ತ್ರೀಕಥೆ, ಭೋಜನಕಥೆ, ರಾಜಕಥೆ, ಚೋರಕಥೆಗಳನ್ನು ವಿಕಥೆಯೆಂದು ಆಚಾರ್ಯರು ದೂರವಿರಿಸಿದ್ದು ಅವು ಪ್ರಮಾದವನ್ನು ಬೆಳೆಸುತ್ತವೆಂಬ ಕಾರಣಕ್ಕೆ, ಕಥೆಯೆಂಬ ಕಾರಣಕ್ಕಲ್ಲ. ಹಾಗಿಲ್ಲದಿದ್ದರೆ ನಾಲ್ಕು ಅನುಯೋಗಗಳಲ್ಲಿ ಪ್ರಥಮಾನುಯೋಗಕ್ಕೆ ಸ್ಥಾನವೇ ಇರುತ್ತಿರಲಿಲ್ಲ. ಕನ್ನಡದಲ್ಲಿ ಜೈನ ಕವಿಗಳು ಹೇಳಿದ ಮಹಾಕಥೆಗಳಾದರೂ ಯಾವುವು? ಪಂಪನ ‘ಆದಿಪುರಾಣ’ದಲ್ಲಿ (941) ಅಣ್ಣತಮ್ಮಂದಿರು ನೆಲಕ್ಕಾಗಿ ಎದುರುಬದುರು ನಿಲ್ಲುತ್ತಾರೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ಹೆಂಡತಿ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಕುಟುಂಬ ಕಲಹವನ್ನು ಮುಚ್ಚಿಟ್ಟ ಪರಂಪರೆ ನಮ್ಮದಲ್ಲ. ಎರಡನೆಯ ಆಕ್ಷೇಪಣೆಗೆ ಉತ್ತರ ಅಷ್ಟು ಸುಲಭವಲ್ಲ. ಅದು ಟಿಪ್ಪಣಿಗಳ ಜೀವಾಳವನ್ನೇ ಮುಟ್ಟುವುದರಿಂದ ಸ್ವಲ್ಪ ತಾಳ್ಮೆಯಿಂದ ನೋಡಬೇಕಾಗಿದೆ.

ನಾಲ್ಕರಲ್ಲಿ ದುರ್ಬಲವಾದದ್ದು ಗೋರಿಯೊ ಕುರಿತ ಟಿಪ್ಪಣಿ. ಗೋರಿಯೊ ಪ್ಯಾರಿಸ್ಸಿನ ಒಬ್ಬ ಶಾವಿಗೆ ವ್ಯಾಪಾರಿ. ಇಬ್ಬರು ಹೆಣ್ಣುಮಕ್ಕಳಿಗೆ ಅಪಾರ ವರದಕ್ಷಿಣೆ ಕೊಟ್ಟು ಒಬ್ಬಳನ್ನು ಕೌಂಟನಿಗೂ ಇನ್ನೊಬ್ಬಳನ್ನು ಬ್ಯಾಂಕರನಿಗೂ ಮದುವೆ ಮಾಡುತ್ತಾನೆ. ಅನಂತರ ಅಳಿಯಂದಿರ ಮನೆಬಾಗಿಲು ಅವನಿಗೆ ಮುಚ್ಚುತ್ತದೆ. ಊಟ ವಸತಿಯ ಮನೆಯೊಂದರಲ್ಲಿ ವರ್ಷಕ್ಕೆ 1200 ಫ್ರಾಂಕ್ ಕೊಟ್ಟು ಒಳ್ಳೆಯ ಕೋಣೆಗಳಲ್ಲಿದ್ದವನು, ಮಕ್ಕಳ ಸಾಲ ತೀರಿಸುತ್ತಾ ತೀರಿಸುತ್ತಾ, ತಿಂಗಳಿಗೆ 45 ಫ್ರಾಂಕಿನ ಮೇಲಂತಸ್ತಿನ ಬಡಕೋಣೆಗೆ ಏರುತ್ತಾನೆ. ಅವನ ಶವಯಾತ್ರೆಗೆ ಮಕ್ಕಳು ಬರುವುದಿಲ್ಲ. ಬರುವುದು ಅವರ ವಂಶಲಾಂಛನವಿದ್ದ ಖಾಲಿ ಗಾಡಿಗಳು. ವಿದ್ಯಾರ್ಥಿನಿ ಇಲ್ಲಿ ಕಣ್ಣೀರಿಟ್ಟು, ಮಕ್ಕಳನ್ನು ಕೃತಘ್ನರೆಂದು ನಿಂದಿಸಿ, ತಂದೆಯನ್ನು ದೇವರೆಂದು ಕರೆದು ಮುಗಿಸುತ್ತಾಳೆ. ಕಣ್ಣೀರು ಸಹಜವೇ. ಆದರೆ ಈ ವ್ಯಾಪಾರಿ ಹಣ ಮಾಡಿದ್ದು ಹೇಗೆಂಬುದನ್ನು ಬಾಲ್ಜಾಕ್ ಬಚ್ಚಿಟ್ಟಿಲ್ಲ. ಕ್ರಾಂತಿಯ ದಿನಗಳ ಧಾನ್ಯದ ಅಭಾವದಲ್ಲಿ ಹಿಟ್ಟನ್ನು ಅಸಲಿನ ಹತ್ತು ಪಟ್ಟು ಬೆಲೆಗೆ ಮಾರಿ ಗಳಿಸಿದ ಸಂಪತ್ತು ಅದು. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹವನ್ನು ಎಣಿಸಿದ್ದು ಇಂಥ ವರ್ತಕರನ್ನು ಕಂಡೇ ಇರಬೇಕು. ಪ್ರೀತಿಯನ್ನು ಹಣದಲ್ಲಿ ತೂಗಿ ಕೊಡಬಹುದೆಂದು ಮಕ್ಕಳಿಗೆ ಕಲಿಸಿದವನು ತಂದೆಯೇ. ಜಮಾ ಕಡೆಯನ್ನು ನೋಡದೆ ಬರಿಯ ಖರ್ಚಿನ ಕಡೆ ನೋಡಿದರೆ ಯಾವ ಖಾತೆಯೂ ಅರ್ಥವಾಗುವುದಿಲ್ಲ.

‘ಕರಮಜೋವ್ ಸಹೋದರರು’ ಕುರಿತ ಟಿಪ್ಪಣಿಯಲ್ಲಿ ಬೇರೆಯೇ ಓದುಗಳು ಕಾಣಿಸುತ್ತಾಳೆ. ವಿಷಯಲಂಪಟನಾದ ತಂದೆ ಫ್ಯೋದರ್. ತಾಯಿಯ ಕಡೆಯ ಆಸ್ತಿಯನ್ನು ತಂದೆ ನುಂಗಿದನೆಂದು ಕುದಿಯುವ ಹಿರಿಯ ಮಗ ದ್ಮಿತ್ರಿ; ತಂದೆಯೂ ಅವನೂ ಒಬ್ಬಳೇ ಹೆಣ್ಣಿಗೆ ಆಸೆಪಟ್ಟವರು. ಎರಡನೆಯವನು ಬುದ್ಧಿಜೀವಿ ಇವಾನ್, ಕಿರಿಯವನು ಮಠದಲ್ಲಿರುವ ಅಲ್ಯೋಶಾ. ಇವರಲ್ಲದೆ ಅಡಿಗೆಯ ಆಳಾಗಿ ಆ ಮನೆಯಲ್ಲಿಯೇ ಇರುವ ಸ್ಮೆರ್ದ್ಯಕೋವ್. ಅವನೂ ಅದೇ ತಂದೆಗೆ ಹುಟ್ಟಿದವನೆಂದು ಊರು ಆಡಿಕೊಳ್ಳುತ್ತದೆ. ಆ ಹೆಣ್ಣಿಗಾಗಿ ತಂದೆ ಲಕೋಟೆಯಲ್ಲಿ ಕಟ್ಟಿಟ್ಟ 3000 ರೂಬಲ್ಲುಗಳ ಸುತ್ತ ಕಥೆ ಬಿಗಿಯುತ್ತದೆ. ಕೊಂದವನು ಸ್ಮೆರ್ದ್ಯಕೋವ್, ಶಿಕ್ಷೆಯಾಗುವುದು ದ್ಮಿತ್ರಿಗೆ, ಬುದ್ಧಿಭ್ರಮಣೆಯಾಗುವುದು ಇವಾನನಿಗೆ. ವಿದ್ಯಾರ್ಥಿನಿ ಕೇಳುವ ಪ್ರಶ್ನೆ ಇದು: ಇವಾನ್ ಕೊಂದಿಲ್ಲ, ಕೊಲ್ಲೆಂದು ಬಾಯಿಬಿಟ್ಟು ಹೇಳಿಯೂ ಇಲ್ಲ, ಹಾಗಾದರೆ ಅವನಿಗೇಕೆ ಈ ಗತಿ? ಪ್ರಶ್ನೆಯನ್ನು ಕೇಳಿ ಆಕೆ ಉತ್ತರಕ್ಕೆ ಅವಸರಪಡದೆ, ಕಾದಂಬರಿಯ ಒಂದು ಚಿಕ್ಕ ಸಂದರ್ಭವನ್ನು ಎತ್ತಿ ತೋರಿಸುತ್ತಾಳೆ. ಊರು ಬಿಡುವ ಹಿಂದಿನ ರಾತ್ರಿ ಇವಾನ್ ಎದ್ದು ಬಂದು, ಮೆಟ್ಟಿಲ ಬಳಿ ನಿಂತು, ಕೆಳಗೆ ತಂದೆ ಓಡಾಡುವ ಸಪ್ಪಳವನ್ನು ಆಲಿಸುತ್ತಾನೆ. ಬೆಳಿಗ್ಗೆ ಹೊರಟುಹೋಗುತ್ತಾನೆ. ತನ್ನ ಬಾಳಿನ ಅತ್ಯಂತ ನೀಚ ಕೃತ್ಯ ಅದೆಂದು ಮುಂದೆ ಅವನಿಗೇ ಅನ್ನಿಸುತ್ತದೆ. ಅನೇಕ ವಿದ್ವಾಂಸರು ಇವಾನನ ತತ್ತ್ವವಾದದಲ್ಲಿ ಮುಳುಗಿ ಈ ಮೆಟ್ಟಿಲನ್ನು ದಾಟಿಹೋಗುತ್ತಾರೆ. ವಿದ್ಯಾರ್ಥಿನಿ ಅಲ್ಲಿ ನಿಂತದ್ದು ಪ್ರಶಂಸಾರ್ಹ.

ಆಕೆಗೆ ದೊರೆಯದ ಉತ್ತರ ಆಕೆಯ ಮನೆಯ ಜಪಮಾಲೆಯಲ್ಲಿಯೇ ಇದೆ. ಮಾಲೆಯ 108 ಮಣಿಗಳಿಗೆ ಹಿರಿಯರು ಹೇಳುವ ಲೆಕ್ಕ ಬಹುಮಂದಿ ಶ್ರಾವಕರಿಗೆ ಬಾಯಿಪಾಠ. ಅದರ ಅರ್ಥವನ್ನು ಬಿಡಿಸಿ ನೋಡುವವರು ಕಡಿಮೆ. ಸಂಕಲ್ಪಿಸುವುದು ಸಂರಂಭ, ಸಾಧನಗಳನ್ನು ಕೂಡಿಸುವುದು ಸಮಾರಂಭ, ತೊಡಗುವುದು ಆರಂಭ, ಈ ಮೂರು. ಮನ, ವಚನ, ಕಾಯಗಳೆಂಬ ಮೂರು. ತಾನೇ ಮಾಡುವ ಕೃತ, ಮಾಡಿಸುವ ಕಾರಿತ, ಮಾಡಿದ್ದಕ್ಕೆ ಒಪ್ಪುವ ಅನುಮೋದನ ಎಂಬ ಮೂರು. ಕ್ರೋಧ, ಮಾನ, ಮಾಯಾ, ಲೋಭಗಳೆಂಬ ನಾಲ್ಕು ಕಷಾಯಗಳು. ಮೂರನ್ನು ಮೂರರಿಂದ, ಮತ್ತೆ ಮೂರರಿಂದ, ನಾಲ್ಕರಿಂದ ಗುಣಿಸಿದರೆ 108. ಈ ಕೋಷ್ಟಕದಲ್ಲಿ ಇವಾನನಿಗೆ ಸ್ಥಾನವುಂಟು. ಕಾಯದಿಂದ ಅವನು ಏನನ್ನೂ ಮಾಡಲಿಲ್ಲ. ಮನಸ್ಸಿನಿಂದ ಅನುಮೋದಿಸಿದ, ಊರು ಬಿಟ್ಟು ಅವಕಾಶ ಮಾಡಿಕೊಟ್ಟ. ರಷ್ಯದ ನ್ಯಾಯಾಲಯದ ಲೆಕ್ಕದಲ್ಲಿ ಕೃತಕ್ಕೆ ಮಾತ್ರ ಜಾಗವಿದೆ. ಅದರಲ್ಲಿಯೂ ಅದು ತಪ್ಪಿತು. ಇವಾನನೇ ಹಣವನ್ನು ತಂದು ಮುಂದಿಟ್ಟು ನಿಜ ಹೇಳಿದಾಗ ಯಾರೂ ನಂಬಲಿಲ್ಲ.

ಜನ್ನನನ್ನು ಬಲ್ಲವರಿಗೆ ಇದು ಹೊಸ ಸಂಗತಿಯೂ ಅಲ್ಲ. ಯಶೋಧರ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಜೀವಹಿಂಸೆ ಬೇಡವೆಂದು, ಹಿಟ್ಟಿನ ಕೋಳಿಯನ್ನು ಮಾಡಿಸಿ ಬಲಿಗೊಡುತ್ತಾನೆ. ಕತ್ತರಿಸಿದ್ದು ಹಿಟ್ಟನ್ನೇ, ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಗ ಇಬ್ಬರೂ ನಾಯಿ ನವಿಲುಗಳಾಗಿ, ಮತ್ತೆ ಮತ್ತೆ ಪ್ರಾಣಿಗಳಾಗಿ ಹುಟ್ಟಿ ಕೊಲ್ಲಿಸಿಕೊಳ್ಳುತ್ತಾರೆ. ಮಾಡಿದವನು ಮಗ, ಮಾಡಿಸಿದವಳು ತಾಯಿ. ಕೃತಕ್ಕೂ ಕಾರಿತಕ್ಕೂ ಒಂದೇ ದಾರಿ. ರಷ್ಯದ ಕಾದಂಬರಿಕಾರನಿಗಿಂತ ಆರೂವರೆ ಶತಮಾನಗಳಿಗೂ ಮಿಗಿಲಾಗಿ ಹಿಂದೆ ಕನ್ನಡದ ಕವಿಯೊಬ್ಬ ಈ ಸೂಕ್ಷ್ಮವನ್ನು ಹಿಡಿದಿದ್ದಾನೆಂಬುದು ಕಾಲೇಜಿನಲ್ಲಿ ಓದುವ ನಮ್ಮ ಮಕ್ಕಳ ಕಿವಿಗೆ ಬೀಳದೇ ಇರುವುದು ಮಕ್ಕಳ ತಪ್ಪಲ್ಲ.

ಆಕ್ಷೇಪಣೆಗೊಳಗಾದ ವಾಕ್ಯ ಬರುವುದು ಈ ಪ್ರಶ್ನೆಯ ಬೆನ್ನಿಗೇ. ತನ್ನ ಮನೆಯಲ್ಲಿ ಸೋದರತ್ತೆಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡ ದಿನ ಎಲ್ಲರಿಗೂ ತಿಂಡಿ ತಂದಿಟ್ಟವಳು ತಾನೇ ಎಂದು ಆಕೆ ಬರೆದಿದ್ದಾಳೆ. ಅಷ್ಟೇ. ವಿವರಣೆಯಿಲ್ಲ, ದೂಷಣೆಯಿಲ್ಲ, ಮುಂದಿನ ವಾಕ್ಯ ಮತ್ತೆ ಇವಾನನಿಗೆ ಮರಳುತ್ತದೆ. ಅನುಮೋದನವೆಂಬ ಶಬ್ದವನ್ನು ತಿಳಿಯದೆಯೇ ಆಕೆ ಅದರ ಲಕ್ಷಣವನ್ನು ತನ್ನಲ್ಲಿ ಕಂಡುಕೊಂಡಿದ್ದಾಳೆ. ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಕರ್ನಾಟಕದಲ್ಲಿ 1994ರಿಂದಲೇ ಅವಿವಾಹಿತ ಹೆಣ್ಣುಮಕ್ಕಳಿಗೆ, 2005ರ ಕೇಂದ್ರ ತಿದ್ದುಪಡಿಯಿಂದ ಎಲ್ಲ ಹೆಣ್ಣುಮಕ್ಕಳಿಗೆ, ಅವಿಭಕ್ತ ಆಸ್ತಿಯಲ್ಲಿ ಗಂಡುಮಕ್ಕಳಂತೆಯೇ ಪಾಲು ಲಭಿಸಿದೆ. ಬಿಡುಗಡೆ ಪತ್ರ ಕಾನೂನಿಗೆ ವಿರುದ್ಧವಲ್ಲ. ಮನಃಪೂರ್ವಕವಾಗಿ ಬಿಟ್ಟುಕೊಡುವ ಸೋದರಿಯರೂ ಉಂಟು. ಆದರೆ ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಹಾಕಿದ ಸಹಿಗೂ ಮನಸ್ಸಿನಿಂದ ಹಾಕಿದ ಸಹಿಗೂ ಕಾಗದದ ಮೇಲೆ ವ್ಯತ್ಯಾಸ ಕಾಣದು. ಆ ವ್ಯತ್ಯಾಸ ಬಲ್ಲವರು ಕೋಣೆಯಲ್ಲಿ ಕುಳಿತಿದ್ದವರು ಮಾತ್ರ. ವಾಕ್ಯವನ್ನು ತೆಗೆಯಬೇಕೆಂದ ಹಿರಿಯರು ಮನೆತನದ ಮರ್ಯಾದೆಯ ಮಾತನ್ನು ಎತ್ತಿದರು. ಯಾರ ಹೆಸರೂ ಇಲ್ಲದ, ಬರೆದವಳನ್ನು ಬಿಟ್ಟು ಇನ್ನಾರನ್ನೂ ದೂರದ ವಾಕ್ಯದಿಂದ ಮರ್ಯಾದೆಗೆ ಕುಂದು ಬರುವುದಾದರೆ ಆ ಕುಂದು ವಾಕ್ಯದ್ದಲ್ಲ. ಅದು ಅಲ್ಲಿಯೇ ಇರಬೇಕು.

ಆದರೂ ಇಲ್ಲಿ ಒಂದು ಎಚ್ಚರ ಅಗತ್ಯ. ತಿಂಡಿ ತಂದಿಟ್ಟ ಹುಡುಗಿಯನ್ನು ಇವಾನನ ಪಕ್ಕದಲ್ಲಿ ಕೂರಿಸಲಾಗದು. ಆಸ್ರವ ಒಂದೇ ಪ್ರಮಾಣದ್ದಲ್ಲ. ಭಾವದ ತೀವ್ರತೆ ಮಂದತೆ, ತಿಳಿದು ಮಾಡಿದ್ದು ತಿಳಿಯದೆ ಮಾಡಿದ್ದು ಎಂಬ ಭೇದಗಳಿಂದ ಅದು ಹೆಚ್ಚು ಕಡಿಮೆಯಾಗುತ್ತದೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸ್ಪಷ್ಟಪಡಿಸಿದ್ದಾರೆ. 108ರ ಲೆಕ್ಕವಿರುವುದು ಪಾಲನ್ನು ವಿಂಗಡಿಸಲು. ಎಲ್ಲರನ್ನೂ ಒಂದೇ ದರದಲ್ಲಿ ಅಪರಾಧಿಗಳನ್ನಾಗಿಸಲು ಅಲ್ಲ. ಪತ್ರ ಬರೆಯಿಸಿದವರು ನಿಶ್ಚಿಂತರಾಗಿರುವಾಗ ತಟ್ಟೆ ತಂದವಳು ಕೊರಗುವುದು ಲೆಕ್ಕದ ತಲೆಕೆಳಗಾದ ಸ್ಥಿತಿ.

‘ವಂಶವೃಕ್ಷ’ದ ಟಿಪ್ಪಣಿಯಲ್ಲಿ ಆಕೆಯೊಡನೆ ಜಗಳವಾಡಲು ಸಾಕಷ್ಟು ಎಡೆಯಿದೆ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರ ಮಗ ಕಪಿಲೆಯಲ್ಲಿ ಮುಳುಗಿ ಸಾಯುತ್ತಾನೆ. ಸೊಸೆ ಕಾತ್ಯಾಯಿನಿ ಮಗುವನ್ನು ಮಾವನಲ್ಲಿಯೇ ಬಿಟ್ಟು ಮೈಸೂರಿನಲ್ಲಿ ಮರುಮದುವೆಯಾಗುತ್ತಾಳೆ. ಇಳಿವಯಸ್ಸಿನಲ್ಲಿ ಶ್ರೋತ್ರಿಯರಿಗೆ ತಮ್ಮ ಹುಟ್ಟಿನ ರಹಸ್ಯ ತಿಳಿಯುತ್ತದೆ. ಆಸ್ತಿ ದಾಯಾದಿಯ ಪಾಲಾಗಬಾರದೆಂಬ ಹಟದಿಂದ ಬೇರೊಬ್ಬನಿಂದ ಪಡೆಯಲಾದ ಸಂತಾನ ಅವರು. ಯಾವ ವಂಶದ ಪಾವಿತ್ರ್ಯಕ್ಕಾಗಿ ಬಾಳಿದರೋ ಆ ವಂಶವೇ ತಮ್ಮದಲ್ಲವೆಂದು ತಿಳಿದು, ಆಸ್ತಿಯನ್ನು ಬಿಟ್ಟು, ಸಂನ್ಯಾಸಕ್ಕೆ ಹೊರಡುತ್ತಾರೆ. ವಿದ್ಯಾರ್ಥಿನಿ ಇದನ್ನು ಬಾಹುಬಲಿಯ ತ್ಯಾಗಕ್ಕೆ ಹೋಲಿಸಿದ್ದಾಳೆ.

ಹೋಲಿಕೆ ಆಕರ್ಷಕ, ಆದರೆ ನಿಲ್ಲುವುದಿಲ್ಲ. ಬಾಹುಬಲಿ ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಗೆದ್ದು, ಗೆದ್ದದ್ದನ್ನು ಬಿಟ್ಟ. ತನ್ನದಾದುದನ್ನು ಬಿಡುವುದು ತ್ಯಾಗ. ತನ್ನದಲ್ಲವೆಂದು ತಿಳಿದ ಮೇಲೆ ಬಿಡುವುದು ಅಚೌರ್ಯ. ಶ್ರೋತ್ರಿಯರದು ಎರಡನೆಯದು. ಅದು ಸಣ್ಣದೆಂದಲ್ಲ, ಇಳಿವಯಸ್ಸಿನಲ್ಲಿ ಹಳೆಯ ಕಾಗದವೊಂದನ್ನು ಹರಿದು ಒಲೆಗೆ ಹಾಕುವುದೇ ಬಹುಜನರ ಮಾರ್ಗ. ಆದರೆ ಸಾಲ ತೀರಿಸಿದ್ದಕ್ಕೆ ದಾನದ ರಸೀತಿ ಹರಿಯಲಾಗದು. ಈ ಭೇದ ಬಸದಿಯ ಆಡಳಿತ ನೋಡಿಕೊಳ್ಳುವವರಿಗೂ ಸಂಬಂಧಿಸಿದ್ದು. ಸೋದರರ, ಸೋದರಿಯರ ವಿವಾದ ಮುಗಿಯದ ಜಮೀನು ಜೀರ್ಣೋದ್ಧಾರಕ್ಕೆಂದು ಬಂದಾಗ, ಶಿಲಾಫಲಕದಲ್ಲಿ ದಾನಿಯ ಹೆಸರು ಕೊರೆಯುವ ಮೊದಲು ಪಾಲುದಾರರನ್ನು ಒಮ್ಮೆ ಕೇಳುವ ಪದ್ಧತಿ ಎಷ್ಟು ಕಡೆ ಇದೆ? ಇನ್ನೊಂದು ಮಾತು. ಬಾಹುಬಲಿಗೂ ಒಂದು ಶಲ್ಯ ಉಳಿದಿತ್ತು. ತಾನು ನಿಂತ ನೆಲ ಅಣ್ಣನದೆಂಬ ಕೊರೆತ ಹೋಗುವವರೆಗೆ ಕೇವಲಜ್ಞಾನವಾಗಲಿಲ್ಲವೆಂದು ಕಥೆ ಹೇಳುವವರುಂಟು. ಶ್ರೋತ್ರಿಯರ ಶಲ್ಯ ಕಾತ್ಯಾಯಿನಿ. ಆಕೆಯ ಕೊನೆಗಾಲದಲ್ಲಿ ಅವರು ಬಂದು ನಿಲ್ಲುವ ಭಾಗವನ್ನು ವಿದ್ಯಾರ್ಥಿನಿ ಎರಡೇ ಸಾಲುಗಳಲ್ಲಿ ಮುಗಿಸಿರುವುದು ಟಿಪ್ಪಣಿಯ ದೊಡ್ಡ ಲೋಪ. ಹೋಲಿಕೆಗೆ ನಿಜವಾದ ಎಡೆ ಇದ್ದದ್ದು ಅಲ್ಲಿ.

‘ಗೃಹಭಂಗ’ದ ಟಿಪ್ಪಣಿ ಚಿಕ್ಕದು. ಶ್ಯಾನುಭೋಗಿಕೆಯ ಗಂಡನ ಹೆಸರಿನಲ್ಲಿ ಹಳ್ಳಿಯ ಲೆಕ್ಕವನ್ನೆಲ್ಲ ತಾನೇ ಬರೆಯುವ, ಮುತ್ತುಗದ ಎಲೆ ಹಚ್ಚಿ ಮನೆ ನಡೆಸುವ, ಪ್ಲೇಗಿಗೆ ಮಕ್ಕಳನ್ನು ಕಳೆದುಕೊಳ್ಳುವ ನಂಜಮ್ಮನನ್ನು ಆಕೆ ಸರಿಯಾಗಿಯೇ ಗುರುತಿಸಿದ್ದಾಳೆ. ಲೆಕ್ಕ ಬರೆದವಳು ಒಬ್ಬಳು, ಸಹಿ ಮತ್ತೊಬ್ಬನದು ಎಂಬ ಆಕೆಯ ಗ್ರಹಿಕೆ ಬಿಡುಗಡೆ ಪತ್ರದ ವಾಕ್ಯವನ್ನು ಓದಿದವರಿಗೆ ಇನ್ನಷ್ಟು ಮನಮುಟ್ಟುತ್ತದೆ. ಉಳಿದ ಅರ್ಧ ಪುಟ ಅತ್ತೆ ಗಂಗಮ್ಮನದು. ಆಕೆಯ ಬಾಯಿಯ ಬೈಗುಳಗಳನ್ನು, ಮಕ್ಕಳಿಬ್ಬರನ್ನೂ ಕೆಡಿಸಿದ್ದನ್ನು ವಿವರಿಸಿ, ಈ ಮನೆ ಮುರಿದವಳು ಇವಳೇ ಎಂಬರ್ಥದ ತೀರ್ಪೊಂದನ್ನು ವಿದ್ಯಾರ್ಥಿನಿ ಮೊದಲು ಬರೆದಿದ್ದಾಳೆ. ಅನಂತರ ಬೇರೆ ಶಾಯಿಯಲ್ಲಿ ಆ ಸಾಲನ್ನು ಹೊಡೆದುಹಾಕಿ, ಗಂಗಮ್ಮನೂ ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡವಳೆಂದು ಅಂಚಿನಲ್ಲಿ ಗುರುತು ಮಾಡಿಕೊಂಡಿದ್ದಾಳೆ. ತೀರ್ಪಿದ್ದ ಜಾಗದಲ್ಲಿ ಬೇರೇನನ್ನೂ ಬರೆದಿಲ್ಲ.